ಎಡಗೈಗೇ ಎರಡು ತೋಳು

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಪಟಾಕಿ. ಬಟ್ಟೆ ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಸಿಡುಕುವುದರಲ್ಲೂ ಇರಲಿಲ್ಲ. ದಾರ ತುಂಡಾದರೆ ದಾರಕ್ಕೆ ಬೈಗುಳ, ಗಿರಾಕಿ ದಪ್ಪಗಾಗಿ ಬಂದರೆ ಗಿರಾಕಿಗೆ ಬೈಗುಳ. ಅಂಗಡಿಯವರಿಗೆ ಇದೊಂದು ಪುಕ್ಕಟೆ ತಮಾಷೆ. ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ. ಗಂಡ ಎಂದೋ ತೀರಿಕೊಂಡಿದ್ದ, ಇದ್ದವಳು ಮಗಳೊಬ್ಬಳೇ.

ಒಂದು ಸಂಜೆ ಮಗಳು ಶಾಲೆಯಿಂದ ತಡವಾಗಿ ಬಂದಳು. ಎಲ್ಲಿ ಏನಾಯಿತೋ ಎಂದು ಅಷ್ಟು ಹೊತ್ತು ಒಳಗೊಳಗೇ ಬೆಂದಿದ್ದ ತಾಯಿ, ಅವಳು ಬಾಗಿಲಲ್ಲಿ ಕಾಣಿಸಿದ್ದೇ ತಡ, ಕೈಲಿದ್ದ ಕತ್ತರಿಯನ್ನು ಬೀಸಿ ಎಸೆದಳು. ಗೋಡೆಗೆ ಎಸೆದದ್ದು, ಮಗಳಿಗಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿದಳು. ಗೋಡೆಯ ಕನ್ನಡಿ ಒಡೆದು ಒಂದು ಚೂರು ಹುಡುಗಿಯ ಹುಬ್ಬನ್ನು ಸೀಳಿತ್ತು. ಮಾರನೆಯ ದಿನ ತಾಯಿಯ ತಂಗಿ ಬಂದಳು. ಹುಡುಗಿಯ ಬಟ್ಟೆಬರೆ ತುಂಬಿಕೊಂಡು, ಅವಳ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು.

ಖಾಲಿ ಮನೆಯಲ್ಲಿ ಒಬ್ಬಳೇ ಇದ್ದು ಇದ್ದು, ಕೊನೆಗೆ ಆಸ್ಪತ್ರೆಯ ಹಿಂಬದಿಯ ಕೋಣೆಯೊಂದಕ್ಕೆ ಅವಳು ವಾರಕ್ಕೊಮ್ಮೆ ಹೋಗತೊಡಗಿದಳು. ಅಲ್ಲಿ ಕಲಿಸುತ್ತಿದ್ದುದು ಉಕ್ಕುವ ಭಾವಗಳನ್ನು ಹಿಡಿತಕ್ಕೆ ತರುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಹೆಸರು ಹೇಳಿ ಮುಗಿಸುವಷ್ಟರಲ್ಲೇ ಅರ್ಧ ಸಿಟ್ಟು ಇಳಿಯುತ್ತದೆ ಎಂದು ಅವಳು ಮೂಗು ಮುರಿದಳು. ತಣ್ಣೀರಿನಲ್ಲಿ ಮುಖ ಅದ್ದಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಎದೆಯಲ್ಲಿ ಎದ್ದದ್ದು ಯಾವ ಭಾವ ಎಂದು ಹೆಸರಿಟ್ಟು ಹೇಳಿ. ಆ ಭಾವ ‘ಕೂಗು’ ಎಂದು ಹೇಳಿದರೆ ನೀವು ದನಿ ತಗ್ಗಿಸಿ ಮಾತಾಡಿ ಎಂದು ಆಪ್ತಸಮಾಲೋಚಕಿ ಹೇಳಿಕೊಟ್ಟರು.

"ಮುಖ ತೊಳ್ಕೊಳ್ಳೋದು ಕಲಿಯೋಕೆ ಇಲ್ಲೀವರೆಗೆ ಬರ್ಬೇಕಿತ್ತಾ?" ಎಂದಳು ಪಟಾಕಿ.

"ಕಲಿಯೋದು ಸುಲಭ. ಆ ಹೊತ್ತಿಗೆ ನೆನಪಾಗೋದೇ ಕಷ್ಟ. ನಿಮಗೆ ಮೊದಲು ಬರೋದು ಭಯ. ಅದು ನಿಮ್ಮ ಗಮನಕ್ಕೆ ಬರೋಷ್ಟರಲ್ಲಿ ಸಿಟ್ಟಾಗಿರತ್ತೆ," ಎಂದರು ಅವರು. ಇನ್ನೊಂದು ದಿನ ಮೆಲ್ಲಗೆ ಹೇಳಿದರು: "ನೀವು ಕೈಲಾದಷ್ಟು ಮಾಡ್ತಿದ್ದೀರಿ, ಅದು ನಿಜ. ಅಷ್ಟು ಸಾಕಾಗ್ತಿಲ್ಲ, ಅದೂ ನಿಜ." ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ದಿನ ಕಳೆದಂತೆ ಅಂಗಡಿಯಲ್ಲಿ ಬೈಗುಳ ಕಡಿಮೆಯಾಯಿತು, ನಲ್ಲಿಯ ಕಡೆ ಓಡಾಟ ಹೆಚ್ಚಾಯಿತು. ಪಟಾಕಿ ಒದ್ದೆಯಾಗಿದೆ ಎಂದು ಇಸ್ತ್ರಿಯವನು ನಕ್ಕ. ಅವಳೂ ನಕ್ಕಳು.

ಕೆಲವು ವರ್ಷಗಳ ಮೇಲೆ, ಚಿಕ್ಕಮ್ಮನ ಮನೆಯಲ್ಲೇ ಓದು ಮುಗಿಸಿದ ಮಗಳು ಒಂದು ದಿನ ತಾನೇ ಫೋನ್ ಮಾಡಿದಳು. ಮೊದಲ ಕೆಲಸದ ಸಂದರ್ಶನಕ್ಕೆ ಕೋಟು ಬೇಕು, ಅಳತೆ ಬರೆದು ಕಳಿಸುತ್ತೇನೆ, ಹಿಂದಿನ ದಿನ ಬಂದು ತೊಟ್ಟು ನೋಡುತ್ತೇನೆ ಎಂದಳು. ತಾಯಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಗಳ ಮಂಚ ಒರೆಸಿದಳು, ಹೊದಿಕೆ ಒಗೆದು ಹಾಸಿದಳು. ಬದಲಾದ ನನ್ನನ್ನು ಕಣ್ಣಾರೆ ನೋಡಿದರೆ ಇಲ್ಲೇ ಉಳಿದರೂ ಉಳಿದಾಳು ಎಂಬ ಆಸೆ.

ಆ ದಿನ, ಇನ್ನೂ ತೋಳು ಕೂಡಿಸದ ಕೋಟು ಮಗಳ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ತಾಯಿ ಎಡದ ತೋಳನ್ನು ಗುಂಡುಸೂಜಿ ಹಾಕಿ ನಿಲ್ಲಿಸಿದಳು. ಬಲದ್ದನ್ನು ಹಿಡಿದು ತಿರುಗಿಸಿ ನೋಡಿದಳು. ಅದೂ ಎಡಗೈಯದೇ. ಹೊರಮೈ ಒಳಮೈ ಬೇರೆಯಿರುವ ಬಟ್ಟೆಯನ್ನು ಮಡಚಿ ಕತ್ತರಿಸಬೇಕು, ಇಲ್ಲವೇ ಎರಡನೆಯ ಸಲ ತೋಳಿನ ಕಾಗದದ ಅಚ್ಚನ್ನು ಮಗುಚಿ ಹಾಕಬೇಕು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೂ ಗೊತ್ತಿರುವ ಸಂಗತಿ. ಮಗಳು ಬರುತ್ತಾಳೆಂಬ ಗಡಿಬಿಡಿಯಲ್ಲಿ ಅವಳು ಎರಡನ್ನೂ ಮಾಡಿರಲಿಲ್ಲ. ಉಳಿದಿದ್ದ ಬಟ್ಟೆಯಲ್ಲಿ ಇನ್ನೊಂದು ತೋಳು ಹುಟ್ಟುವಂತಿರಲಿಲ್ಲ. ಸಂದರ್ಶನ ಮಾರನೆಯ ಬೆಳಿಗ್ಗೆ.

ಬೆನ್ನಿನಿಂದ ಬಿಸಿ ಏರಿತು. ಎಲ್ಲಾ ನಿನ್ನಿಂದಲೇ ಎಂಬ ಮಾತು ಗಂಟಲಿಗೆ ಬಂದು ನಿಂತಿತ್ತು. ಅವಳು ಕೈಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು, ಸರಸರ ಅಡುಗೆಮನೆಗೆ ನಡೆದು, ತಣ್ಣೀರಿನ ಪಾತ್ರೆಯಲ್ಲಿ ಮುಖ ಅದ್ದಿದಳು. ಉಸಿರನ್ನು ಉದ್ದಕ್ಕೆ ಬಿಟ್ಟಳು. ಇದು ಭಯ, ಮಗಳು ಮತ್ತೆ ಬರುವುದಿಲ್ಲವೇನೋ ಎಂಬ ಭಯ ಎಂದು ತನಗೇ ಕೇಳುವಂತೆ ಹೇಳಿಕೊಂಡಳು. ಬಿಸಿ ಮೆಲ್ಲಗೆ ಇಳಿಯಿತು. ಗೆದ್ದೆ ಎನಿಸಿತು.

ಹೊರಗೆ ಬಂದರೆ ಕೋಟು ಕುರ್ಚಿಯ ಮೇಲಿತ್ತು. ಮಗಳು ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ತೆರೆದು, ಹೊಸ್ತಿಲಾಚೆ ನಿಂತಿದ್ದಳು. ಒಂದು ಕೈ ಹುಬ್ಬಿನ ಮೇಲಿತ್ತು.

"ತಪ್ಪು ನಂದು," ಎಂದಳು ತಾಯಿ ತಗ್ಗಿದ ದನಿಯಲ್ಲಿ. "ಎರಡೂ ಎಡಗೈಗೇ ಕತ್ತರಿಸ್ಬಿಟ್ಟೆ. ಚೂರುಪಾರು ಬಟ್ಟೆ ಇದೆ, ಕಂಕುಳ ಕೆಳಗೆ ತುಂಡು ಕೊಟ್ಟು ಸರಿ ಮಾಡ್ತೀನಿ. ಯಾರಿಗೂ ಕಾಣಲ್ಲ."

ಮಗಳು ಅವಳ ಒದ್ದೆ ಮುಖವನ್ನು ನೋಡಿದಳು. "ನೀನು ಕೂಗ್ಲಿಲ್ಲ."

"ಇಲ್ಲ."

"ನೀನು ಬದಲಾಗಿದ್ದೀಯ ಅಂತ ಚಿಕ್ಕಮ್ಮ ಹೇಳಿದ್ಲು. ನಂಗೂ ಕಾಣ್ಸತ್ತೆ. ಆದ್ರೂ ನೀನು ಕತ್ತರಿ ಇಟ್ಟ ಸದ್ದಿಗೇ ಕಾಲು ಬಾಗ್ಲಿಗೆ ಬಂದ್ಬಿಡ್ತು. ನಾನೇನ್ ಮಾಡ್ಲಮ್ಮ?"

ಇಷ್ಟೆಲ್ಲ ಪಾಡುಪಟ್ಟದ್ದು ಯಾರಿಗೋಸ್ಕರ ಎಂದು ತಾಯಿಗೆ ಕೇಳಬೇಕೆನಿಸಿತು. ಅದರ ಬದಲು ಕುರ್ಚಿಯ ಮೇಲಿದ್ದ ಕೋಟನ್ನು ಎತ್ತಿಕೊಂಡಳು.

"ಏನೂ ಮಾಡ್ಬೇಡ. ಹಾಗಾಗೋ ಥರ ಮಾಡಿದ್ದು ನಾನು. ಅಲ್ಲೇ ಇರು, ಬಾಗ್ಲು ತೆಗ್ದೇ ಇರ್ಲಿ."

ಅವಳು ಮಗಳಿಗೆ ಬೆನ್ನು ಮಾಡಿ ಮಿಷನ್ನಿನ ಮುಂದೆ ಕೂತಳು. ತುಂಡು ಕೊಟ್ಟ ಕೆಲಸವೆಂದರೆ ಬೇರೆಯವರದ್ದಾದರೂ ಕಿತ್ತೆಸೆಯುತ್ತಿದ್ದವಳು, ಈಗ ತುಂಡಿಗೆ ತುಂಡು ಜೋಡಿಸಿದಳು. ಮಗಳು ಹೊಸ್ತಿಲ ಬಳಿಯೇ ನಿಂತು ಕೋಟು ತೊಟ್ಟು ನೋಡಿದಳು. ತೋಳು ಸರಿಯಾಗಿ ಕೂತಿತ್ತು.

"ಚೆನ್ನಾಗಿದೆ," ಎಂದಳು. "ಹೋಗ್ಬರ್ತೀನಿ."

"ಹೋಗ್ಬಾ. ಚಿಕ್ಕಮ್ಮ ಕಾಯ್ತಿರ್ತಾಳೆ."

ಇವತ್ತು ಇರ್ತೀಯಾ ಎಂದು ಅವಳು ಕೇಳಲಿಲ್ಲ. ಮಗಳು ಬೀದಿಯ ತಿರುವು ದಾಟಿದ ಮೇಲೆ ಒಳಗೆ ಬಂದು, ಮಂಚದ ಹೊದಿಕೆಯನ್ನು ಮಡಚಿ ಬೀರುವಿನಲ್ಲಿಟ್ಟಳು. ಆಮೇಲೆ ಮಂಚದ ಅಂಚಿಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಣ್ಣೀರಿಗೆಂದು ಏಳಲಿಲ್ಲ. ಇದು ದುಃಖ ಎಂದು ಅವಳಿಗೆ ಗೊತ್ತಿತ್ತು, ಇದನ್ನು ಅತ್ತೇ ಕಳೆಯಬೇಕು ಎಂದೂ ಗೊತ್ತಿತ್ತು.