ಬ್ರೇಕಕ್ಕನ ಬಲಗಾಲು

ಅಡುಗೆಮನೆಯಲ್ಲಿ ಗಂಡನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಬಿತ್ತು, ಅಷ್ಟೇ. ಹಜಾರದಲ್ಲಿ ಕುರ್ಚಿಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಬ್ರೇಕಕ್ಕನ ಬಲಗಾಲು ನೆಲವನ್ನು ಧಡ್ಡೆಂದು ಒದೆಯಿತು. ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಾಪಿಲ್ಲಿ. ಒದ್ದ ಕಾಲು ಒದ್ದಲ್ಲೇ ಸೆಟೆದುಕೊಂಡಿತು. ಮೀನಖಂಡ ಮುಟ್ಟಿದರೆ ಕಲ್ಲು.

“ಏನೇ ಇದು, ಮನೆಗೂ ಬ್ರೇಕ್ ಹಾಕ್ತೀಯಾ?” ಎಂದು ನಗುತ್ತಲೇ ಬಂದ ಗಂಡ, ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ. ಬೇಕರಿಯಲ್ಲಿ ದಿನವಿಡೀ ಹಿಟ್ಟು ನಾದುವ ಕೈ ಅವನದು. ಅರ್ಧ ಗಂಟೆ ತಿಕ್ಕಿದ ಮೇಲೆ ಕಾಲು ಸ್ವಲ್ಪ ಸಡಿಲವಾಯಿತು.

ಬ್ರೇಕಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಕಲಿಯಲು ಬಂದವರ ಪಕ್ಕದ ಸೀಟು ಅವಳದು, ಅಲ್ಲೊಂದು ಹೆಚ್ಚುವರಿ ಬ್ರೇಕು. ಹನ್ನೊಂದು ವರ್ಷದಿಂದ ಆ ಬ್ರೇಕಿನ ಮೇಲಿಂದ ಕಾಲು ಎತ್ತಿದವಳಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿರದಷ್ಟು ಈ ಹೆಸರು ಅಂಟಿಕೊಂಡಿತ್ತು. ಬರಬರುತ್ತ ಕತ್ತು ಒಂದೇ ಕಡೆಗೆ ತಿರುಗುವಂತಾಯಿತು. ಹಲ್ಲು ಕಚ್ಚಿ ಕಚ್ಚಿ ಒಂದು ದವಡೆಹಲ್ಲಿನ ಅಂಚು ಉದುರಿತು. ಆದರೂ ಕೇಳಿದವರಿಗೆಲ್ಲ ಒಂದೇ ಉತ್ತರ: “ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ.”

ಬಟಾಣಿ ಚೆಲ್ಲಿದ ಮರುದಿನ ಗಂಡನೇ ಅವಳನ್ನು ಫಿಸಿಯೋಥೆರಪಿಗೆ ಕರೆದೊಯ್ದ. ಅಲ್ಲಿದ್ದ ಹುಡುಗಿ ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಪಾದದ ಕೆಳಗೆ ಅಂಗೈ ಇಟ್ಟಳು.

“ಈಗ ನಿಮ್ಮ ಕಾಲು ಏನ್ ಮಾಡ್ತಿದೆ ಹೇಳಿ ಮೇಡಂ.”

“ಏನ್ ಮಾಡುತ್ತೆ? ಸುಮ್ನೆ ಬಿದ್ಕೊಂಡಿದೆ.”

“ಇಲ್ಲ. ನನ್ ಕೈನ ಒತ್ತುತ್ತಾ ಇದೆ.”

ಬ್ರೇಕಕ್ಕ ಕತ್ತೆತ್ತಿ ನೋಡಿದಳು. ಹೌದು! ಕಾಲು ಯಾರನ್ನೂ ಕೇಳದೆ ತನ್ನ ಪಾಡಿಗೆ ಒತ್ತುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹುಡುಗಿ ನಾಲ್ಕು ವ್ಯಾಯಾಮ ಹೇಳಿಕೊಟ್ಟು, ಜೊತೆಗೆ ಇನ್ನೊಂದು ಕೆಲಸವನ್ನೂ ಒಪ್ಪಿಸಿದಳು. “ದಿನಕ್ಕೆ ಹತ್ತು ನಿಮಿಷ ಬರೀರಿ. ಏನಾಯ್ತು, ಆಗ ಮೈಯಲ್ಲಿ ಎಲ್ಲಿ ಹಿಡೀತು, ಅಷ್ಟೇ. ಅಕ್ಷರ, ಕಾಗುಣಿತ ಯಾವುದನ್ನೂ ನೋಡ್ಬೇಡಿ. ಯಾರಿಗೂ ತೋರಿಸ್ಬೇಕಾಗಿಲ್ಲ.”

“ಅಯ್ಯೋ ತಾಯಿ, ನಾನು ಕೊನೇ ಸಲ ಬರೆದಿದ್ದು ಪರೀಕ್ಷೇಲಿ. ಅದೂ ಪಕ್ಕದವಳದ್ದು ನೋಡ್ಕೊಂಡು!”

ಹಾಗೆಂದರೂ ಮನೆಗೆ ಹೋಗುವ ದಾರಿಯಲ್ಲೇ ನೂರು ಪುಟದ ಗೆರೆ ನೋಟುಬುಕ್ ಕೊಂಡಳು. ಒಂದು ಪಾಠ ಮುಗಿದು ಇನ್ನೊಂದು ಶುರುವಾಗುವ ನಡುವೆ, ಟೆಸ್ಟ್ ನಡೆಯುವ ಮೈದಾನದ ಪಕ್ಕದ ಮರದಡಿ ಕಾರು ನಿಲ್ಲಿಸಿ ಬರೆಯತೊಡಗಿದಳು. ಮೊದಲ ವಾರವೆಲ್ಲ ಬೈಗುಳದ ಸುರಿಮಳೆ. ‘ಬ್ಯಾಂಕಿನ ಮೇಡಂ ಇವತ್ತೂ ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿಸಿದರು. ನಂಗೆ ದವಡೆ ಹಿಡೀತು.’ ‘ಕಾಲೇಜು ಹುಡುಗನಿಗೆ ಕ್ಲಚ್ಚಿನ ಮೇಲೆ ಅದೇನು ಹಗೆಯೋ. ಬೆನ್ನು ಹಿಡೀತು.’ ಬರೆದು ಬರೆದು ತಾನೇ ನಗುತ್ತಿದ್ದಳು. ಮುಖದ ಮೇಲೆ ಹೇಳಲಾಗದ್ದನ್ನು ಹಾಳೆಯ ಮೇಲೆ ಹೇಳಲು ಯಾರಪ್ಪನ ಅಪ್ಪಣೆ ಬೇಕು?

ಮೂರನೇ ವಾರ ಒಂದು ಮಧ್ಯಾಹ್ನ, ಬರೆಯಲು ಏನೂ ತೋಚದೆ ಹಿಂದಿನ ಪುಟಗಳನ್ನು ತಿರುವಿ ಹಾಕಿದಳು. ಒಂದು ಪುಟದಲ್ಲಿ ‘ಸೈಕಲ್ ಬಂತು, ಕಾಲು ಹಿಡೀತು’ ಎಂದಿತ್ತು. ಎರಡು ಪುಟದಾಚೆ ಮತ್ತೆ ಸೈಕಲ್. ಬ್ರೇಕಕ್ಕ ನೆಟ್ಟಗೆ ಕೂತಳು. ಕೆಂಪು ಪೆನ್ನು ತೆಗೆದು ಒಂದೊಂದಕ್ಕೂ ಗೆರೆ ಎಳೆದಳು. ಬ್ಯಾಂಕಿನ ಮೇಡಂ ತಪ್ಪು ತಿರುಗಿಸಿದಾಗ ಹಿಡಿಯುವುದು ದವಡೆ, ಲಾರಿ ಎದುರು ಬಂದರೆ ಭುಜ. ಕಾಲು ಮಾತ್ರ ಸೈಕಲ್ಲಿಗೇ! ಹದಿನಾಲ್ಕು ಸಲ! ಕಳ್ಳನ ಹೆಜ್ಜೆ ಗುರುತು ಸಿಕ್ಕಿದ ಪೊಲೀಸನ ಹಾಗೆ ಅವಳ ಎದೆ ಹೊಡೆದುಕೊಳ್ಳತೊಡಗಿತು. ಹೊಸ ಪುಟ ತೆಗೆದು ದೊಡ್ಡಕ್ಷರದಲ್ಲಿ ಬರೆದಳು: ‘ಸೈಕಲ್ಲೇ ಯಾಕೆ?’

ಉತ್ತರವನ್ನು ಕೈಯೇ ಬರೆಯಿತು.

ಆರು ವರ್ಷದ ಹಿಂದಿನ ಮಾತು. ಒಬ್ಬ ಕಲಿಯುವವನು ಗಾಬರಿಯಲ್ಲಿ ಬ್ರೇಕೆಂದು ಆಕ್ಸಿಲರೇಟರ್ ತುಳಿದಿದ್ದ. ಅದೇ ಹೊತ್ತಿಗೆ ಸಂದಿಯಿಂದ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ನುಗ್ಗಿದಳು. ಬ್ರೇಕಕ್ಕ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದಳು. ಕಾರು ನಿಂತಾಗ ಹುಡುಗಿಗೂ ಬಂಪರಿಗೂ ನಡುವೆ ಇದ್ದದ್ದು ಒಂದು ಗೇಣು. ಹುಡುಗಿ ಇವರನ್ನೊಮ್ಮೆ ನೋಡಿ, ಕಳಚಿದ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಹತ್ತು ನಿಮಿಷಕ್ಕೆ ಬ್ರೇಕಕ್ಕ ಮುಂದಿನ ಪಾಠ ಶುರುಮಾಡಿದ್ದಳು. ಯಾರಿಗೂ ಹೇಳಲಿಲ್ಲ. ಏನೂ ಆಗಲಿಲ್ಲವಲ್ಲ, ಏನೂ ಆಗದ್ದನ್ನು ಏನೆಂದು ಹೇಳುವುದು?

ನಾಲ್ಕು ಪುಟ ತುಂಬುವಷ್ಟರಲ್ಲಿ ಬೆವರು ಕಿತ್ತುಬಂತು, ತೊಡೆ ಗಡಗಡ ನಡುಗಿತು. ‘ಒಂದು ಗೇಣು ಒಂದು ಗೇಣು’ ಎಂದು ಮೂರು ಸಾಲು ಅದನ್ನೇ ಬರೆದಳು. ಆಮೇಲೆ ಸ್ಟೀರಿಂಗಿಗೆ ಹಣೆ ಆನಿಸಿ ಗೊಳೋ ಎಂದು ಅತ್ತಳು. ಅಳು ನಿಂತ ಮೇಲೆ ಆಕಳಿಕೆ. ಒಂದಾದ ಮೇಲೊಂದು, ಬಾಯಿ ಮುಚ್ಚಲು ಬಿಡದ ಆಕಳಿಕೆ.

ಕಿಟಕಿಯ ಮೇಲೆ ಟಕಟಕ ಸದ್ದಾದಾಗಲೇ ಎಚ್ಚರ. ಹೊರಗೆ ದರ್ಜಿಯಣ್ಣ. ಟೆಸ್ಟಿನಲ್ಲಿ ಮೂರು ಸಲ ಡುಮ್ಕಿ ಹೊಡೆದ ಶಿಷ್ಯ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ ಅವನ ಬಾಯಲ್ಲೂ ಅವಳು ಅಕ್ಕನೇ.

“ಅಕ್ಕಾ, ಇಪ್ಪತ್ತು ನಿಮಿಷದಿಂದ ನಿಂತಿದ್ದೀನಿ. ಗೊರಕೆ ಕೇಳಿಸ್ತಿತ್ತು, ಅದಕ್ಕೆ ಜೀವ ಇದೆ ಅಂತ ಧೈರ್ಯ ಆಯ್ತು.”

ಬ್ರೇಕಕ್ಕ ಕಾರಿನಿಂದಿಳಿದಳು. ಬಲಗಾಲು ನೆಲಕ್ಕಿಟ್ಟವಳು ಹಾಗೇ ನಿಂತಳು. ಒಮ್ಮೆ ಕುಣಿಸಿ ನೋಡಿದಳು. ಹಗುರ! ಇನ್ಯಾರದೋ ಕಾಲು ಎರವಲು ತಂದ ಹಾಗಿತ್ತು. ದರ್ಜಿಯಣ್ಣ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿರುವಾಗಲೇ ಕಾರಿನ ಸುತ್ತ ಒಂದು ಸುತ್ತು ಓಡಿ ಬಂದಳು.

ಸಂಜೆ ಆ ನಾಲ್ಕು ಪುಟವನ್ನು ಗಂಡನಿಗೆ ಓದಿ ಹೇಳಿದಳು. ತಮಾಷೆಗೆ ಎತ್ತಿದ ಕೈ ಎನಿಸಿಕೊಂಡವನು ಅವಳ ಬಲಗಾಲನ್ನು ಮಡಿಲಿಗೆಳೆದುಕೊಂಡು ಮೆಲ್ಲಗೆ ತಿಕ್ಕತೊಡಗಿದ.

“ಆರು ವರ್ಷ ಒಬ್ಳೇ ಹೊತ್ಕೊಂಡು ತಿರುಗಿದ್ಯಲ್ಲೇ,” ಎಂದ.

“ಹೊತ್ಕೊಂಡಿದ್ದೀನಿ ಅಂತ ನಂಗೇ ಗೊತ್ತಿರ್ಲಿಲ್ವಲ್ಲ!”

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಕತ್ತು ಇನ್ನೂ ತಕರಾರು ಮಾಡುತ್ತದೆ. ಸಂದಿಯಿಂದ ಸೈಕಲ್ ಬಂದರೆ ಕಾಲು ಒತ್ತುತ್ತದೆ. ಆದರೆ ಸೈಕಲ್ ದಾಟಿದ ಮೇಲೆ ಬಿಡುತ್ತದೆ. ಬಿಡುವುದು ಇಷ್ಟು ಸುಖವೆಂದು ತಿಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಮರುವಾರವೇ ದರ್ಜಿಯಣ್ಣನ ಕೈಗೆ ಒಂದು ಹಾಳೆ, ಪೆನ್ನು ಹಿಡಿಸಿದಳು.

“ಹಾರ್ನ್ ಕೇಳಿದ್ರೆ ನಿಮ್ಮ ಭುಜ ಕಿವಿಗೆ ಹೋಗುತ್ತೆ ದರ್ಜಿಯಣ್ಣ. ಯಾಕೆ ಅಂತ ಬರೀರಿ. ಆಮೇಲೆ ಗಾಡಿ.”

“ನಾನು ಗಾಡಿ ಕಲಿಯೋಕೆ ಬಂದಿದ್ದೋ, ಶಾಲೆಗೆ ಬಂದಿದ್ದೋ?” ಎಂದು ಗೊಣಗಿದರೂ ದರ್ಜಿಯಣ್ಣ ಬಾನೆಟ್ಟಿನ ಮೇಲೆ ಹಾಳೆ ಹರಡಿಕೊಂಡು ನಿಂತ. ಸೂಜಿಗೆ ದಾರ ಪೋಣಿಸುವವನ ಹಾಗೆ ಕಣ್ಣು ಕಿರಿದು ಮಾಡಿ, ಒಂದೇ ಒಂದು ಸಾಲು ಬರೆದು ತಾನಾಗಿಯೇ ತೋರಿಸಿದ: ‘ಹಾರ್ನ್ ಕೇಳಿದರೆ ಅಪ್ಪ ಹಿಂದಿನಿಂದ ಗದರಿದ ಹಾಗಾಗುತ್ತದೆ.’

“ಅಪ್ಪ ಈಗ ಎಲ್ಲಿದ್ದಾರೆ?”

“ಹೋಗಿ ಇಪ್ಪತ್ತು ವರ್ಷ ಆಯ್ತು.” ಹೇಳಿದವನೇ ಪಕ್ಕನೆ ನಕ್ಕುಬಿಟ್ಟ. “ಥೂ! ಇಲ್ಲದೇ ಇರೋರಿಗೆ ಹೆದರಿಕೊಂಡು ಮೂರು ಸಲ ಫೇಲ್ ಆದ್ನಾ?”

ನಾಲ್ಕನೇ ಟೆಸ್ಟಿನ ದಿನ ಬ್ರೇಕಕ್ಕ ಮೈದಾನದ ತಂತಿ ಬೇಲಿ ಹಿಡಿದು ನಿಂತಿದ್ದಳು. ಒಳಗೆ ಪರೀಕ್ಷೆ ಮಾಡುವ ಅಧಿಕಾರಿ, ದರ್ಜಿಯಣ್ಣ, ಕಾರು. ಏರಿನಲ್ಲಿ ನಿಲ್ಲಿಸಿ ಮತ್ತೆ ಮುಂದಕ್ಕೆತ್ತುವಾಗ ಕಾರು ಹಿಂದೆ ಸರಿಯಲಿಲ್ಲ. ಎಂಟರ ಆಕಾರದ ತಿರುವು ಮುಗಿಯಿತು. ರಿವರ್ಸ್ ಬರುವಾಗ ಹೊರಗಿನ ಬಸ್ಸೊಂದು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ದರ್ಜಿಯಣ್ಣನ ಭುಜ ಅರ್ಧದವರೆಗೆ ಏರಿತು, ನಿಂತಿತು, ಇಳಿಯಿತು. ಕಾರು ಎರಡು ಕಂಬಗಳ ನಡುವೆ ಬಂದು ನಿಂತಿತು, ಅಳತೆ ತೆಗೆದು ಹೊಲಿದಂತೆ.

“ಪಾಸ್! ಅಕ್ಕಾ, ಪಾಸ್!” ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಅವನು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಬೇಲಿಯ ಈಚೆ ಬ್ರೇಕಕ್ಕ ಎರಡು ಕಾಲೂ ಎತ್ತಿ ಎಗರಿದಳು.

ಹೊರಗೆ ಬಂದವನು ಡ್ರೈವರ್ ಸೀಟು ಬಿಡಲೊಲ್ಲ. “ಇವತ್ತು ನಾನು ಬಿಡ್ತೀನಿ ನಿಮ್ಮನ್ನ. ಹತ್ತಿ.”

ಬ್ರೇಕಕ್ಕ ಮುಂದಿನ ಬಾಗಿಲಿಗೆ ಕೈ ಹಾಕಿದವಳು, ಏನೋ ಯೋಚಿಸಿ, ಹಿಂದಿನ ಬಾಗಿಲು ತೆರೆದು, ಬ್ರೇಕಿಲ್ಲದ ಸೀಟಿನಲ್ಲಿ ಕೂತಳು. ಮುಖ್ಯ ಬೀದಿಗೆ ಬರುತ್ತಲೇ, ಹನ್ನೊಂದು ವರ್ಷ ರಸ್ತೆಯನ್ನೇ ಕಾದಿದ್ದ ಅವಳ ಕಣ್ಣು ಮೇಲೆ ಹೋಯಿತು. ಅಂಗಡಿಗಳ ಮೇಲೆ ಮಹಡಿಗಳು, ಮಹಡಿಗಳಲ್ಲಿ ಹೂಕುಂಡ, ಒಂದು ಬಾಲ್ಕನಿಯಲ್ಲಿ ಪಂಜರದ ಗಿಳಿ.

“ದರ್ಜಿಯಣ್ಣ, ಇಲ್ಲಿ ಗಿಳಿ ಇದೆ!”

“ಅಕ್ಕಾ, ಸುಮ್ನಿರಿ, ನಾನು ಗೇರ್ ಹಾಕ್ತಿದ್ದೀನಿ!”