ಸಂಜೆ ಪಾಳಿಯ ಮೇಲೆ ಬಿದ್ದ ಬೆಳಗ್ಗಿನ ಲೇಟು

ಲಿಡಿಯಾ ಸಿಸ್ಟರ್ ನಗುವುದನ್ನು ಕದ್ರಿಯ ನಮ್ಮ ಆಫೀಸಿನಲ್ಲಿ ಯಾರೂ ಕಂಡವರಿಲ್ಲ. ಕುಲಶೇಖರದಲ್ಲಿ ಹುಟ್ಟಿ, ಮಸ್ಕತ್ತಿನ ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ಸವೆಸಿ ಬಂದವಳು. ರೋಗಿಗಳ ಮನೆಗೆ ನರ್ಸುಗಳನ್ನು ಕಳಿಸುವ ಈ ಕಂಪನಿಯಲ್ಲಿ ಬಜಪೆ ಕಡೆಯ ಸಂಜೆ ಪಾಳಿಗೆ ಅವಳೇ ಇನ್‌ಚಾರ್ಜ್. ತಡವಾಗಿ ಬಂದ ಹುಡುಗಿಯನ್ನು ರೋಗಿಯ ಮನೆಯ ಗೇಟಿನಲ್ಲೇ ನಿಲ್ಲಿಸಿ ಬೈಯುವಳು. ಹುಡುಗಿಯರಿಗೆ ಅವಳನ್ನು ಕಂಡರಾಗದು. ಆದರೂ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು.

ಅಂಥವಳನ್ನು ಅವಳ ಪಾಳಿಯವರ ಲೇಟಿನ ಕಾರಣಕ್ಕೆ ಇನ್‌ಚಾರ್ಜ್ ಕೆಲಸದಿಂದ ಇಳಿಸಿದ್ದೇನೆಂದು ಮ್ಯಾನೇಜರ್ ರಾಯ್‌ಸ್ಟನ್ ಒಂದು ಸೋಮವಾರ ಎಲ್ಲರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟ. ಮಧ್ಯಾಹ್ನವೇ ಅವಳು ಅವನ ಕೋಣೆಗೆ ಬಂದಳು. ಚಹಾ ಇಡಲು ಹೋದವಳು ನಾನು ಅಲ್ಲೇ ನಿಂತೆ. ಹೊರಗೆ ಹೋಗೆಂದು ಯಾರೂ ಹೇಳಲಿಲ್ಲ.

ಗೋಡೆಯ ಟಿವಿಯಲ್ಲಿ ಡ್ಯೂಟಿಯ ಲೆಕ್ಕದ ಪರದೆ ಇತ್ತು. ರಾಯ್‌ಸ್ಟನ್ ಅದರ ಮೇಲ್ಭಾಗದಲ್ಲಿ ‘ಬಜಪೆ’ ಒತ್ತಿದ, ‘ಸಂಜೆ’ ಒತ್ತಿದ. ಕೆಳಗೆ ದೊಡ್ಡದಾಗಿ ಮೂವತ್ತೆಂಟು ಎಂದು ಬಂತು.

“ಒಂದು ತಿಂಗಳಲ್ಲಿ ಇಷ್ಟು ಲೇಟ್. ಓದ್ಲಿಕ್ಕೆ ಕನ್ನಡಕ ಬೇಕಾ ಸಿಸ್ಟರ್?”

“ನನ್ನ ಹತ್ರ ಉಂಟು. ನಿಮಗೆ ಬೇಕಾದ್ರೆ ಕೊಡ್ತೇನೆ. ಯಾವ ದಿನ ಲೇಟು?”

ಅವನು ವಾರದ ದಿನಗಳ ಕಂಬಗಳನ್ನು ತೋರಿಸಿದ. ಭಾನುವಾರದ ಕಂಬ ಎಲ್ಲಕ್ಕಿಂತ ಎತ್ತರ.

“ಆದಿತ್ಯವಾರ ಸಂಜೆ ನನ್ನ ಹುಡುಗಿಯರಿಗೆ ಬೇರೆ ಎಂತ ಕೆಲಸ?” ಎಂದಳು ಲಿಡಿಯಾ. “ಚರ್ಚಿನಲ್ಲಿ ಬಲಿಪೂಜೆ ಇರುವುದು ಬೆಳಗ್ಗೆ. ಬೆಳಗ್ಗಿನವರು ಅದು ಮುಗಿಸಿಯೇ ಡ್ಯೂಟಿಗೆ ಹೋಗುವುದು. ನಿಮಗೆ ಗೊತ್ತಿಲ್ವಾ? ನೀವೂ ಬರ್ತೀರಲ್ಲ, ಹಿಂದಿನ ಬೆಂಚಿಗೆ.”

“ಇಗರ್ಜಿಯನ್ನು ಇದಕ್ಕೆ ತರಬೇಡಿ. ಕಂಪ್ಯೂಟರ್ ಸುಳ್ಳು ಹೇಳ್ತದಾ?”

“‘ಬೆಳಗ್ಗೆ’ ಒತ್ತಿ.”

ಒತ್ತಿದ. ಮೂವತ್ತೆಂಟು.

“‘ರಾತ್ರಿ’ ಒತ್ತಿ.”

ಅದೇ ಮೂವತ್ತೆಂಟು. ರಾಯ್‌ಸ್ಟನ್ ನೆಟ್ ಸ್ಲೋ ಎಂದ. ಬಜಪೆ ತೆಗೆದು ಕುಲಶೇಖರ ಒತ್ತಿದಾಗ ಅಂಕೆ ಬದಲಾಯಿತು. “ಸರಿ ಉಂಟಲ್ಲ, ಸುಮ್ಮನೆ ತಕರಾರು,” ಎಂದ. ಆದರೆ ಲಿಡಿಯಾ ಜಾಗ ಬಿಡಲಿಲ್ಲ. ಪರದೆ ಮಾಡಿದ ಪ್ರಣೀತಾಳನ್ನು ಕರೆಸಲೇಬೇಕಾಯಿತು.

ಪ್ರಣೀತಾ ಸೂತ್ರ ಬಿಡಿಸಿ ನೋಡಿದಳು. ಮುಖ ಬಾಡಿತು.

“ಸರ್, ಇದನ್ನು ಮೊದಲು ಬೆಳಗ್ಗಿನ ಪಾಳಿಗೆ ಮಾತ್ರ ಮಾಡಿದ್ದು. ಸೂತ್ರದ ಒಳಗೇ ‘ಪಾಳಿ ಬೆಳಗ್ಗೆ’ ಅಂತ ಗಟ್ಟಿ ಕೂರಿಸಿದ್ದೇನೆ. ನೀವು ಮೇಲೆ ಸಂಜೆ ಒತ್ತಿದ್ರೆ ಅದು ನಿಮ್ಮ ಸಂಜೆಯನ್ನು ತೆಗೆದು ಬೆಳಗ್ಗೆಯನ್ನೇ ಇಡ್ತದೆ. ಊರಿನ ಬಗ್ಗೆ ಒಳಗೆ ಎಂತದೂ ಇಲ್ಲ, ಹಾಗಾಗಿ ಊರು ಬದಲಿಸಿದ್ರೆ ಅಂಕೆ ಬದಲಾಗ್ತದೆ. ಅದಕ್ಕೇ ನಮಗೆ ಸಂಶಯ ಬರಲಿಲ್ಲ.”

“ನಾನು ಒತ್ತಿದ್ದೂ ಇರ್ಲಿ, ಒಳಗಿನದ್ದೂ ಇರ್ಲಿ, ಹಾಗೆ ಮಾಡು ಮಾರಾಯ್ತಿ.”

ಮಾಡಿದಳು. ಅಂಕೆ ಹೋಗಿ ಜಾಗ ಖಾಲಿಯಾಯಿತು.

“ಈಗ ಸಂಜೆಯವರು ಲೇಟೇ ಇಲ್ಲ. ಎಲ್ಲ ಸಂತರು,” ಎಂದ ರಾಯ್‌ಸ್ಟನ್.

“ಹಾಗಲ್ಲ ಸರ್. ಬೆಳಗ್ಗೆಯೂ ಆಗಬೇಕು, ಸಂಜೆಯೂ ಆಗಬೇಕು ಅಂದ್ರೆ ಅಂಥ ಡ್ಯೂಟಿ ಎಲ್ಲಿ ಉಂಟು? ಒಳಗಿನ ಬೆಳಗ್ಗೆಯನ್ನೇ ತೆಗೀಬೇಕು.”

ತೆಗೆದಳು. ಬಜಪೆ, ಸಂಜೆ: ಮೂರು.

“ಮೂರೂ ಲೇಟೇ,” ಎಂದ ಅವನು.

“ಹೌದು. ಅವರಿಗೆ ನಾನು ಬೈದಾಗಿದೆ. ನೀವು ಗ್ರೂಪಿಗೆ ಹಾಕಿದ್ದನ್ನು ಗ್ರೂಪಿನಲ್ಲೇ ತೆಗೀರಿ.”

“ಎಲ್ಲರಿಗೆ ಫೋನಿನಲ್ಲಿ ಹೇಳ್ತೇನೆ.”

“ನನ್ನ ಹೆಸರು ಹಾಕುವಾಗ ಫೋನ್ ಮಾಡಿದ್ರಾ?”

ಅವನು ಹಲ್ಲು ಕಚ್ಚಿಕೊಂಡೇ ಬೆರಳಾಡಿಸಿದ. ‘ತಾಂತ್ರಿಕ ದೋಷ. ಲಿಡಿಯಾ ಇನ್‌ಚಾರ್ಜ್ ಆಗಿ ಮುಂದುವರಿಯುತ್ತಾರೆ.’ ಲಿಡಿಯಾ ತನ್ನ ಫೋನಿನಲ್ಲಿ ಅದನ್ನು ನಿಧಾನವಾಗಿ ಓದಿದಳು.

“ದೋಷಕ್ಕೆ ಯಾರ ಹೆಸರೂ ಇಲ್ಲ,” ಎಂದಳು.

ರಾಯ್‌ಸ್ಟನ್ ಟಿವಿಯ ಕಡೆ ತಿರುಗಿ ಕುಳಿತ. ಅವಳು ಛತ್ರಿ ಎತ್ತಿಕೊಂಡು ಬಜಪೆ ಬಸ್ಸಿಗೆ ಹೋದಳು. ಪಾಳಿ ಶುರುವಾಗುವ ಹೊತ್ತು.

ಈಗಲೂ ಅವಳೇ ಇನ್‌ಚಾರ್ಜ್. ಸೋಮವಾರದ ಮೀಟಿಂಗಿಗೆ ಬರುತ್ತಾಳೆ, ಆದರೆ ರಾಯ್‌ಸ್ಟನ್ ಎದುರು ಕೂರುವುದಿಲ್ಲ. ಅವನು ಕುರ್ಚಿ ತೋರಿಸುವುದೂ ಇಲ್ಲ.