ಹೊಳೆಯಾಚೆಯ ಮನೆಗಳು

ಮಲೇಷ್ಯಾದ ಪುಚೊಂಗಿನಿಂದ ಸೈಬರ್‌ಜಯಾದ ಆಫೀಸಿಗೆ ದಿನವೂ ನನ್ನ ಕಾರಿನಲ್ಲೇ ಬರುವ ಐತಪ್ಪನವರಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಮಾಮಕ್ ತಿಂಡಿ ಹೋಟೆಲಿನವನು ಕಟ್ಟಿಕೊಟ್ಟ ರೋಟಿಯನ್ನು ಅವನೆದುರೇ ಬಿಚ್ಚಿ ನೋಡುತ್ತಾರೆ. ನಾನು ಟ್ರಾಫಿಕ್ ತಪ್ಪಿಸಲು ಬೇರೆ ದಾರಿ ಹಿಡಿದರೆ, ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಎಂದು ಕೇಳುತ್ತಾರೆ. ಬೆಳ್ತಂಗಡಿ ಕಡೆಯವರು. ಅವರ ತಂದೆಯ ಗದ್ದೆಯ ಅಂಚನ್ನು ನೆರೆಯವನು ವರ್ಷವರ್ಷವೂ ಕೆತ್ತಿ ಕೆತ್ತಿ ಅರ್ಧ ಗದ್ದೆ ನುಂಗಿದನಂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಇಂಥವರ ಕೈಗೆ ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಪ್ಯಾರಿಷ್ ಬಂತು. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಊರುಗಳು, ನಮ್ಮ ಕರಾವಳಿಯ ಮಾಗಣೆಯ ಹಾಗೆ. ಹಳೆಯ ನಕ್ಷೆ ನೋಡಿ ಕಂಪ್ಯೂಟರಿನಲ್ಲಿ ಗಡಿ ಎಳೆಯುವುದು ನಮ್ಮ ಕೆಲಸ. ಗಡಿ ಹೊಳೆಗುಂಟ ನೆಟ್ಟಗೆ ಸಾಗಿತ್ತು. ಆದರೆ ಹೊಳೆಯಾಚೆ, ಪಕ್ಕದ ಪ್ಯಾರಿಷ್‌ನ ನಡುಮಧ್ಯೆ, ಬೆರಳೆಣಿಕೆಯ ಮನೆಗಳು ಈಚೆಯದಕ್ಕೇ ಸೇರಿದ್ದವು. ಹಿಂದಿನ ಕಾಲದಲ್ಲಿ ಈಚೆಯವರು ಬೇಸಿಗೆಗೆ ಕುರಿ ಹೊಡೆದುಕೊಂಡು ಹೋಗಿ ಅಲ್ಲೇ ನೆಲೆಸಿದರಂತೆ.

"ಇದು ಒತ್ತುವರಿಯೇ ಮಾರಾಯ್ರೇ. ಕುರಿ ಒಂದು ನೆಪ," ಎಂದರು ಐತಪ್ಪ. ಬೇಡವೆಂದು ನಾನು ಬಡಿದುಕೊಂಡರೂ ಕೇಳದೆ ಆ ಮನೆಗಳನ್ನು ಪಕ್ಕದ ಪ್ಯಾರಿಷ್‌ಗೆ ಸೇರಿಸಿ ಕಳಿಸಿಯೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಈ ಕೆಲಸ ಕೊಟ್ಟಿದ್ದ ಚರ್ಚಿನವರು ಆ ಕರಡನ್ನು ಊರವರಿಗೆ ತೋರಿಸಿದರು. ಮರುವಾರವೇ ಚರ್ಚಿನಿಂದ ವಿಡಿಯೊ ಕರೆ. ಹೊಳೆಯಾಚೆಯ ಮನೆಯ ಡೋರೀನ್ ಎಂಬ ಮುದುಕಿ ಮಾತಾಡಬೇಕೆಂದು ಹಟ ಹಿಡಿದಿದ್ದಳು. ಗಂಡನನ್ನು ಈಚೆಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದ್ದಾರಂತೆ. ಅಲ್ಲಿ ಪ್ಯಾರಿಷ್‌ನವರಿಗೆ ಮಾತ್ರ ಜಾಗ. ಈ ಗಡಿಯೇ ಖಾಯಂ ಆದರೆ ತನ್ನನ್ನು ಬೇರೆಲ್ಲೋ ಹೂಳುತ್ತಾರೆ ಎಂಬುದು ಆಕೆಯ ದುಃಖ.

ಐತಪ್ಪ ಮೈಕ್ ಬಂದ್ ಮಾಡಿ ನನ್ನತ್ತ ತಿರುಗಿದರು. "ಜಾಗ ಹೊಡೀಲಿಕ್ಕೆ ಅಳುವವರನ್ನು ನಾನು ಎಷ್ಟು ನೋಡಿಲ್ಲ!" ಮತ್ತೆ ಮೈಕ್ ಹಾಕಿ, ಗಂಡನ ಗೋರಿ ಅಲ್ಲಿದೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ.

ಆಕೆ ಸಿಟ್ಟಾಗಲಿಲ್ಲ. ಫೋನ್ ಹಿಡಿದು, ಕೋಲೂರಿಕೊಂಡು, ಚರ್ಚಿನ ಅಂಗಳಕ್ಕೆ ನಡೆದಳು. ಕಲ್ಲಿನ ಮೇಲೆ ಗಂಡನ ಹೆಸರು. ಅದರ ಕೆಳಗೆ ಆಕೆಯದೇ ಹೆಸರು, ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ. ಕಲ್ಲು ಕೆತ್ತುವವನಿಗೆ ತಾನು ಸಾಯುವ ವರ್ಷವೊಂದನ್ನು ಕೆತ್ತುವುದಷ್ಟೇ ಬಾಕಿ ಎಂದಳು.

ಐತಪ್ಪ ಆ ಖಾಲಿ ಜಾಗವನ್ನು ನೋಡುತ್ತ ಕೂತರು. ಕಣ್ಣು ತುಂಬಿತ್ತು, ಸುಳ್ಳಲ್ಲ. ಕರೆ ನಡೆಯುತ್ತಿದ್ದಂತೆಯೇ ಗಡಿಯನ್ನು ಮೊದಲಿನ ಹಾಗೆ ಎಳೆದು ಆಕೆಗೆ ತೋರಿಸಿದರು. ಇಂಗ್ಲಿಷಿನಲ್ಲಿ ಶುರುಮಾಡಿದವರು ಕನ್ನಡಕ್ಕೇ ಜಾರಿದರು.

"ನಿಮ್ಮ ಜಾಗ ನಿಮಗೇ ಉಂಟಮ್ಮ. ಆದ್ರೂ ಆಗಾಗ ಹೋಗಿ ನೋಡ್ತಾ ಇರಿ. ಯಾರನ್ನೂ ನಂಬಬೇಡಿ. ನನ್ನನ್ನೂ."